ಜಾವಾ, ಯೆಜ್ಡಿ ಎಂಜಿನ್‌ಗೆ ಹೊಸ ರಾಡ್ ಬೇರಿಂಗ್: ಒತ್ತುವುದು ಸುಲಭ, ನೇರ ಮಾಡುವುದೇ ಕೆಲಸ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ 250 ಸಿಸಿ ಗಾಡಿಗಳು ಇವತ್ತಿಗೂ ಓಡುತ್ತಿವೆ, ಓಡದವು ಶೆಡ್‌ಗಳಲ್ಲಿ ಸರದಿ ಕಾಯುತ್ತಿವೆ. ಇಂಥ ಎಂಜಿನ್ ಬಿಚ್ಚಿದಾಗ ಎಲ್ಲರ ಗಮನವೂ ಬೋರಿಂಗ್, ಪಿಸ್ಟನ್, ರಿಂಗ್ ಮೇಲೆ. ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆ ಮಾಡುವ ಕ್ರ್ಯಾಂಕನ್ನು, ಅದಕ್ಕೆ ಪಿಸ್ಟನ್ ಜೋಡಿಸುವ ರಾಡ್ ಸಮೇತ, ಲೇತ್ ಅಂಗಡಿಗೆ ಕೊಟ್ಟು "ಒಂದು ರಾಡ್ ಕಿಟ್ ಹಾಕಿಡಿ" ಅಂತ ಹೇಳಿ ಬಂದುಬಿಡುತ್ತಾರೆ. ಸಂಜೆ ಹೋಗಿ ತರುತ್ತಾರೆ, ಎಂಜಿನ್ ಕೂಡಿಸುತ್ತಾರೆ. ಆಮೇಲೆ ಗಾಡಿ 50 ದಾಟಿದ ಕೂಡಲೇ ಕಾಲಿನ ಕೆಳಗೆ ಜುಮ್ ಅಂತ ನಡುಗುತ್ತದೆ, ವರ್ಷ ತುಂಬುವ ಮೊದಲೇ ಕ್ರ್ಯಾಂಕನ್ನು ಕೇಸಿನಲ್ಲಿ ಹೊತ್ತಿರುವ ಮೇನ್ ಬೇರಿಂಗ್ ಕೂಗಲು ಶುರು ಮಾಡುತ್ತದೆ.

ಇದರಲ್ಲಿ ಬೇರಿಂಗ್‌ನ ತಪ್ಪು ಕಡಿಮೆ. ಹೊಸ ಪಿನ್ ಒತ್ತಿದ ಮೇಲೆ ಕ್ರ್ಯಾಂಕನ್ನು ಡಯಲ್ (ಕೂದಲೆಳೆಯಷ್ಟು ಓರೆಯನ್ನೂ ಮುಳ್ಳಿನಲ್ಲಿ ತೋರಿಸುವ ಗೇಜ್) ಇಟ್ಟು ನೇರ ಮಾಡಲಿಲ್ಲ, ಅಷ್ಟೇ. ಹಾಗಾಗಿ ಈ ಲೇಖನದಲ್ಲಿ ಪ್ರೆಸ್ ಕೆಲಸಕ್ಕಿಂತ ಅಳತೆಯ ಮಾತೇ ಜಾಸ್ತಿ ಬರುತ್ತದೆ. ಪ್ರೆಸ್ ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ಓದಿಕೊಳ್ಳಿ, ಅಂಗಡಿಯವರ ಹತ್ತಿರ ಏನು ಕೇಳಬೇಕು ಅಂತ ಗೊತ್ತಾಗುತ್ತದೆ.

ಮೊದಲು ಒಳಗೆ ಏನಿದೆ ನೋಡೋಣ. ಕಾರಿನ ಎಂಜಿನ್‌ನಲ್ಲಿ ರಾಡ್‌ನ ಕೆಳತುದಿ ಎರಡು ಹೋಳಾಗಿರುತ್ತದೆ, ಬೋಲ್ಟ್ ಬಿಚ್ಚಿ ಹಳೆ ಬೇರಿಂಗ್ ಎಲೆ ತೆಗೆದು ಹೊಸದು ಇಟ್ಟರೆ ಮುಗಿಯಿತು. ಜಾವಾದಲ್ಲಿ ಹಾಗಲ್ಲ. ರಾಡ್ ಒಂದೇ ತುಂಡು. ಅದರ ದೊಡ್ಡ ಕಣ್ಣಿನೊಳಗೆ ರೋಲರ್‌ಗಳು, ರೋಲರ್‌ಗಳ ಒಳಗೆ ಕ್ರ್ಯಾಂಕ್ ಪಿನ್. ಆ ಪಿನ್‌ನ ಎರಡೂ ತುದಿಗಳನ್ನು ಎರಡು ಫ್ಲೈವೀಲ್‌ಗಳಿಗೆ, ಅಂದರೆ ಕ್ರ್ಯಾಂಕಿನ ಭಾರದ ಚಕ್ರಗಳಿಗೆ, ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ನಟ್ ಇಲ್ಲ, ಬೋಲ್ಟ್ ಇಲ್ಲ. ಬರೀ ಬಿಗಿತದ ಮೇಲೆ ನಿಂತಿರುವ ಜೋಡಣೆ ಇದು. ಎರಡು ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಪಂಪಿನ ಒತ್ತಡ ಇರುವುದಿಲ್ಲ, ಪೆಟ್ರೋಲ್ ಜೊತೆ ಬಂದ ಆಯಿಲ್ ಮಂಜಿನ ಹಾಗೆ ಕ್ರ್ಯಾಂಕ್ ಕೇಸಿನೊಳಗೆ ಹಾರಾಡಿ ಎಲ್ಲೆಲ್ಲಿ ಅಂಟುತ್ತದೋ ಅಷ್ಟೇ ಅದಕ್ಕೆ ಸಿಗುವುದು. ಅಷ್ಟು ಕಡಿಮೆ ಆಯಿಲ್‌ನಲ್ಲಿ ಬದುಕುವುದು ರೋಲರ್ ಮಾತ್ರ. ಹಾಗಾಗಿ ಬೇರಿಂಗ್ ಬದಲಿಸಬೇಕು ಅಂದರೆ ಕ್ರ್ಯಾಂಕನ್ನೇ ಬೇರೆ ಮಾಡಬೇಕು.

ನಿಜವಾಗಿ ಹೋಗಿದೆಯಾ?

ಟಕ್ ಟಕ್ ಶಬ್ದ ಬಂದ ಕೂಡಲೇ ರಾಡ್ ಹೋಯಿತು ಅಂತ ತೀರ್ಮಾನ ಮಾಡಬೇಡಿ. ಪಿಸ್ಟನ್ ಸಡಿಲವಾದರೂ ಶಬ್ದ ಬರುತ್ತದೆ, ಆದರೆ ಅದು ತಣ್ಣಗಿದ್ದಾಗ ಜಾಸ್ತಿ, ಬಿಸಿಯಾದ ಮೇಲೆ ಕಡಿಮೆ. ಪಿಸ್ಟನ್ ಪಿನ್ನಿನ ಬುಶ್ (ರಾಡಿನ ಮೇಲಿನ ಸಣ್ಣ ಕಣ್ಣಿನೊಳಗಿನ ಕಂಚಿನ ಬಳೆ) ಹೋದರೆ ಸಣ್ಣ, ಚುರುಕು ಸದ್ದು. ದೊಡ್ಡ ಕಣ್ಣಿನ ಬೇರಿಂಗ್ ಹೋದರೆ ಕೆಳಗಿನಿಂದ ದಪ್ಪ ಸದ್ದು ಬರುತ್ತದೆ, ಏರಿನಲ್ಲಿ ಎಂಜಿನ್ ಮೇಲೆ ಭಾರ ಬಿದ್ದಾಗ ಇನ್ನೂ ಜೋರು.

ಕಿವಿಗಿಂತ ಕೈ ನಂಬಿ. ಹೆಡ್, ಸಿಲಿಂಡರ್, ಪಿಸ್ಟನ್ ತೆಗೆದು ರಾಡನ್ನು ಪೂರ್ತಿ ಮೇಲಕ್ಕೆ ತನ್ನಿ. ಕ್ರ್ಯಾಂಕ್ ತಿರುಗದ ಹಾಗೆ ಒಬ್ಬರು ಹಿಡಿದುಕೊಳ್ಳಲಿ. ನೀವು ರಾಡನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ನೇರ ಕೆಳಕ್ಕೆ ಒತ್ತಿ. ಸ್ವಲ್ಪವೇ ಕಟಕ್ ಅಂದರೂ ಬೇರಿಂಗ್ ಮುಗಿದಿದೆ. ರಾಡ್‌ನ ಮೇಲಿನ ತುದಿ ಎಡಕ್ಕೂ ಬಲಕ್ಕೂ ಸ್ವಲ್ಪ ವಾಲುವುದು ಬೇರೆ ವಿಷಯ, ಅದು ಸಹಜ. ಈ ಎರಡನ್ನೂ ಗೊಂದಲ ಮಾಡಿಕೊಂಡು ಚೆನ್ನಾಗಿರುವ ಕ್ರ್ಯಾಂಕ್ ಬಿಚ್ಚಿಸಿದವರು ಬೇಕಾದಷ್ಟು ಜನ ಇದ್ದಾರೆ. ಇನ್ನೊಂದು, ಒಳಗೆ ಹಳೆ ಆಯಿಲ್ ದಪ್ಪಗೆ ನಿಂತಿದ್ದರೆ ಪ್ಲೇ, ಅಂದರೆ ಸಡಿಲ, ಕೈಗೆ ಗೊತ್ತಾಗುವುದಿಲ್ಲ, ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ತೊಳೆದು ಆಮೇಲೆ ನೋಡಿ.

ವರ್ಷಗಟ್ಟಲೆ ನಿಂತ ಗಾಡಿಯಾದರೆ ಪ್ಲೇ ಇಲ್ಲದಿದ್ದರೂ ಅನುಮಾನ ಇರಲಿ. ಈಗಿನ ಪೆಟ್ರೋಲ್‌ನಲ್ಲಿ ಶೇ 20 ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ತೇವ ಕೆಳಗೆ ನಿಂತು ರೋಲರ್ ಮೇಲೆ ತುಕ್ಕಿನ ಚುಕ್ಕೆ ಎಬ್ಬಿಸುತ್ತದೆ. ರಾಡನ್ನು ನಿಧಾನಕ್ಕೆ ಸುತ್ತಿಸಿದಾಗ ಮರಳಿನ ಮೇಲೆ ಹೋದ ಹಾಗೆ ಗರಗರ ಅಂದರೆ ಬಿಚ್ಚಲೇಬೇಕು.

ಕಿಟ್ ತರುವಾಗ

ರಾಡ್ ಕಿಟ್ ಅಂದರೆ ಸಾಮಾನ್ಯವಾಗಿ ರಾಡ್, ಕ್ರ್ಯಾಂಕ್ ಪಿನ್, ರೋಲರ್‌ಗಳು, ಪಕ್ಕದ ವಾಷರ್‌ಗಳು, ಮೇಲಿನ ಬುಶ್. ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಹುಡುಕಿದರೆ ಸಿಗುತ್ತದೆ, ಹಳೆ ಗಾಡಿ ಗುಂಪುಗಳಲ್ಲಿ ಕೇಳಿದರೂ ಯಾರಾದರೂ ದಾರಿ ತೋರಿಸುತ್ತಾರೆ. ಹಳೆ ರಾಡ್ ಜೊತೆಗೆ ತೆಗೆದುಕೊಂಡು ಹೋಗಿ. ಮಾದರಿಯಿಂದ ಮಾದರಿಗೆ ವ್ಯತ್ಯಾಸ ಇರುತ್ತದೆ, "ಎಲ್ಲದಕ್ಕೂ ಒಂದೇ ಸಾರ್" ಅನ್ನುವ ಮಾತಿಗೆ ವರ್ನಿಯರ್ ಹಿಡಿದು ಉತ್ತರ ಕೊಡಿ. ಉದ್ದ, ಎರಡೂ ಕಣ್ಣಿನ ಅಗಲ, ಪಿನ್ನಿನ ದಪ್ಪ ಮತ್ತು ಉದ್ದ ನೋಡಿದರೆ ಸಾಕು.

ಮನೆಗೆ ತಂದ ಮೇಲೆ ಪಿನ್ನನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಒಂದೇ ಕಡೆ ಅಳೆದು ಬಿಡಬೇಡಿ, ಉದ್ದಕ್ಕೂ ಮೂರು ಕಡೆ, ಅಡ್ಡಡ್ಡ ತಿರುಗಿಸಿ ಮತ್ತೆ ಮೂರು ಕಡೆ. ಒಂದು ಕಡೆಗೂ ಇನ್ನೊಂದು ಕಡೆಗೂ 0.01 ಮಿ.ಮೀ ವ್ಯತ್ಯಾಸ ಕಂಡರೆ ಆ ಪಿನ್ ವಾಪಸ್ ಕೊಡಿ. ಆಮೇಲೆ ಎಲ್ಲವನ್ನೂ ತೊಳೆದು, ತೆಳು ಆಯಿಲ್ ಸವರಿ, ಪಿನ್ ಮೇಲೆ ರೋಲರ್ ಇಟ್ಟು ರಾಡ್ ತೊಡಿಸಿ, ಕೈಯಲ್ಲೇ ಸುತ್ತಿಸಿ. ಸರಾಗವಾಗಿ ಜಾರಬೇಕು, ಎಳೆದು ಒತ್ತಿದಾಗ ಕೈಗೆ ಏನೂ ಸಿಗಬಾರದು. ಎಲ್ಲಾದರೂ ಒಂದು ಕಡೆ ತಡೆಯುತ್ತಿದ್ದರೆ ಅದು ಓಡಿ ಓಡಿ ಸರಿಯಾಗುತ್ತದೆ ಅಂತ ಯಾರು ಹೇಳಿದರೂ ನಂಬಬೇಡಿ, ಓಡಿ ಓಡಿ ಸೀಜ್ ಆಗುತ್ತದೆ, ಅಂದರೆ ಕಚ್ಚಿಕೊಂಡು ನಿಲ್ಲುತ್ತದೆ. ಬಿಡಿ ರೋಲರ್ ಬಂದಿದ್ದರೆ ಒಂದೂ ಕಳೆಯಬೇಡಿ, ಹಳೆಯದರ ಜೊತೆ ಬೆರೆಸಬೇಡಿ. ಮಿಲಿಮೀಟರಿನ ಸಾವಿರದಲ್ಲಿ ಕೆಲವು ಭಾಗ ದಪ್ಪ ಇರುವ ಒಂದೇ ರೋಲರ್ ಇಡೀ ಭಾರ ಹೊತ್ತುಕೊಂಡು ಮೊದಲು ತಾನು ಹೋಗಿ ಆಮೇಲೆ ಪಿನ್ನನ್ನೂ ಕೆಡಿಸುತ್ತದೆ.

ಬಿಚ್ಚುವ ಮೊದಲು ಬರೆದಿಟ್ಟುಕೊಳ್ಳಿ

ಎಂಜಿನ್ ಇಳಿಸಿ ಕೇಸ್ ಬಿಚ್ಚುವುದನ್ನು ಇಲ್ಲಿ ವಿವರಿಸುವುದಿಲ್ಲ. ಒಂದೇ ಮಾತು: ಕೇಸಿನ ಎರಡು ಹೋಳುಗಳ ಮಧ್ಯೆ ಸ್ಕ್ರೂಡ್ರೈವರ್ ತೂರಿಸಬೇಡಿ, ಬಲಗಡೆ ಡೈನಮೋದ ಆರ್ಮೇಚರ್ ಬರದಿದ್ದರೆ ಸುತ್ತಿಗೆ ತರಬೇಡಿ, ಪುಲ್ಲರ್ ಬಳಸಿ.

ಕ್ರ್ಯಾಂಕ್ ಕೈಗೆ ಬಂದ ಮೇಲೆ ತೊಳೆದು ಒರೆಸಿ. ಈಗ ನಾಲ್ಕು ವಿಷಯ ಬರೆದುಕೊಳ್ಳಿ. ಎರಡೂ ಫ್ಲೈವೀಲ್ ಸೇರಿ ಹೊರಗಿನಿಂದ ಹೊರಗೆ ಒಟ್ಟು ಅಗಲ ಎಷ್ಟು. ರಾಡ್ ಮತ್ತು ಫ್ಲೈವೀಲ್ ನಡುವಿನ ಪಕ್ಕದ ಸಂದು ಎಷ್ಟು, ಇದಕ್ಕೆ ಫೀಲರ್ ಗೇಜ್ (ಸಂದಿಗೆ ತೂರಿಸಿ ಅಳೆಯುವ ತೆಳು ಉಕ್ಕಿನ ಎಲೆಗಳು). ಪಿನ್ನಿನ ತುದಿ ಫ್ಲೈವೀಲ್ ಮೈಗೆ ಸಮ ಇದೆಯಾ, ಒಳಗೆ ಇದೆಯಾ, ಇದ್ದರೆ ಎಷ್ಟು. ರಾಡ್ ಯಾವ ಮುಖ ಯಾವ ಕಡೆಗಿತ್ತು. ಫೋನಿನಲ್ಲಿ ಫೋಟೋ ತೆಗೆದುಕೊಂಡರೂ ಆಗುತ್ತದೆ, ಆದರೆ ಅಂಕಿ ಮಾತ್ರ ಕಾಗದದಲ್ಲಿ ಇರಲಿ. ಎರಡು ಫ್ಲೈವೀಲ್‌ಗೂ ಎಡ, ಬಲ ಅಂತ ಗುರುತು ಹಾಕಿ. ಈ ಜೋಡಿಯನ್ನು ಬೇರೆ ಕ್ರ್ಯಾಂಕಿನ ಫ್ಲೈವೀಲ್ ಜೊತೆ ಕಲಬೆರಕೆ ಮಾಡಬಾರದು.

ಬಿಚ್ಚುವುದಕ್ಕೆ ಹೈಡ್ರಾಲಿಕ್ ಪ್ರೆಸ್ ಬೇಕು, 20 ಟನ್ನಿನದಾದರೆ ನಿಶ್ಚಿಂತೆ. ಮೇಲಿನ ಫ್ಲೈವೀಲಿಗೆ ಅದರ ಕೆಳಗಿನಿಂದಲೇ, ಪಿನ್ನಿಗೆ ಆದಷ್ಟು ಹತ್ತಿರದಲ್ಲಿ ದಪ್ಪ ಪಟ್ಟಿಯ ಆಧಾರ ಕೊಡಬೇಕು. ಅಂಚಿನಲ್ಲಿ ಆಧಾರ ಕೊಟ್ಟು ಒತ್ತಿದರೆ ಫ್ಲೈವೀಲೇ ಬಗ್ಗುತ್ತದೆ. ಪಿನ್ನಿಗಿಂತ ಸ್ವಲ್ಪ ಸಣ್ಣ ಗಟ್ಟಿ ಸರಳು ಇಟ್ಟು ಒತ್ತಿ. ಮೊದಲು ಏನೂ ಆಗುವುದಿಲ್ಲ, ಆಮೇಲೆ ಗುಂಡು ಹೊಡೆದ ಹಾಗೆ ಢಂ ಅಂತ ಸದ್ದು ಬಂದು ಪಿನ್ ಸರಿಯುತ್ತದೆ. ಹೆದರಬೇಡಿ, ಕಣ್ಣಿಗೆ ಕನ್ನಡಕ ಇರಲಿ, ಕೆಳಗೆ ಬೀಳುವ ಫ್ಲೈವೀಲ್ ಹಿಡಿಯಲು ಬಟ್ಟೆಯ ಹಾಸು ಇರಲಿ. ಇನ್ನೊಂದು ಫ್ಲೈವೀಲಿನಿಂದಲೂ ಹೀಗೇ ತೆಗೆಯಿರಿ.

ಹಳೆ ಪಿನ್ನನ್ನು ಬಿಸಾಡುವ ಮುಂಚೆ ಒಂದು ಸಲ ಬೆಳಕಿಗೆ ಹಿಡಿದು ನೋಡಿ, ಗಾಡಿಯ ಜಾತಕ ಅದರಲ್ಲಿದೆ. ಮೈಮೇಲೆ ಸಣ್ಣ ಗುಳಿಗಳಿದ್ದರೆ ವಯಸ್ಸಾಗಿದೆ ಅಥವಾ ತುಕ್ಕು ಹಿಡಿದಿತ್ತು. ನೀಲಿ ಬಣ್ಣಕ್ಕೆ ತಿರುಗಿದ್ದರೆ ಆಯಿಲ್ ಸಿಗದೆ ಕಾದಿದೆ, ಆಗ ಬರೀ ಬೇರಿಂಗ್ ಬದಲಿಸಿ ಪ್ರಯೋಜನ ಇಲ್ಲ, ಕಾರಣ ಹುಡುಕಬೇಕು. ಒಂದು ಪಕ್ಕ ಮಾತ್ರ ಸವೆದಿದ್ದರೆ ರಾಡ್ ಬಗ್ಗಿತ್ತು ಅಥವಾ ಕ್ರ್ಯಾಂಕ್ ಓರೆ ಇತ್ತು.

ಫ್ಲೈವೀಲಿನ ತೂತುಗಳನ್ನು ಅಳೆಯುವುದನ್ನು ಬಹಳ ಜನ ಬಿಡುತ್ತಾರೆ. ಪಿನ್ ತೂತಿಗಿಂತ ಒಂದು ಮಿಲಿಮೀಟರಿನ ನೂರರಲ್ಲಿ ಐದರಿಂದ ಹತ್ತು ಭಾಗದಷ್ಟು ದಪ್ಪ ಇರಬೇಕು, ಆ ಬಿಗಿತದ ಮೇಲೇ ಎಲ್ಲ ನಿಂತಿರುವುದು. ಮೂರು ನಾಲ್ಕು ಸಲ ಕಿಟ್ ಬದಲಾದ ಕ್ರ್ಯಾಂಕಿನಲ್ಲಿ ತೂತು ಸವೆದು ಪಿನ್ ಸುಲಭಕ್ಕೆ ಒಳಗೆ ಹೋಗುತ್ತದೆ. ಆಗ ಕೆಲವರು ಪಿನ್ನಿನ ತುದಿಗೆ ಪಂಚ್ ಹೊಡೆದು ಉಬ್ಬಿಸುತ್ತಾರೆ, ಇನ್ನು ಕೆಲವರು ವೆಲ್ಡಿಂಗ್ ಚುಕ್ಕೆ ಹಾಕುತ್ತಾರೆ. ಎರಡೂ ಬೇಡ. ಪಂಚ್ ಹೊಡೆದದ್ದು ಕೆಲವೇ ದಿನ ನಿಲ್ಲುತ್ತದೆ, ವೆಲ್ಡಿಂಗಿನ ಬಿಸಿಗೆ ಪಿನ್ನಿನ ಗಟ್ಟಿತನ ಹೋಗುತ್ತದೆ, ಮುಂದೆ ಬಿಚ್ಚುವುದೂ ಕಷ್ಟ. ತುದಿಗಳು ದಪ್ಪ ಇರುವ ಓವರ್‌ಸೈಜ್ ಪಿನ್ ಹುಡುಕಿ ಅಥವಾ ಒಳ್ಳೆ ಗ್ರೈಂಡಿಂಗ್ ಅಂಗಡಿಯಲ್ಲಿ ಮಾಡಿಸಿ, ಅದೂ ಆಗದಿದ್ದರೆ ಬೇರೆ ಫ್ಲೈವೀಲ್ ಜೋಡಿಯೇ ದಾರಿ.

ಮೇಲಿನ ಬುಶ್ ಮೊದಲೇ ಮುಗಿಸಿ

ರಾಡ್ ಬಿಡಿಯಾಗಿರುವಾಗಲೇ ಸಣ್ಣ ಕಣ್ಣಿನ ಬುಶ್ ಕೆಲಸ ಮಾಡಿ ಮುಗಿಸುವುದು ಜಾಣತನ. ಉದ್ದ ಬೋಲ್ಟ್, ಎರಡು ವಾಷರ್, ಒಂದು ಸಾಕೆಟ್ ಇದ್ದರೆ ಬೆಂಚ್ ವೈಸ್‌ನಲ್ಲೇ ಎಳೆದು ಕೂರಿಸಬಹುದು. ಆಯಿಲ್ ತೂತು ರಾಡಿನ ತೂತಿಗೆ ಸರಿಯಾಗಿ ಕೂರಬೇಕು, ಅರ್ಧ ಮುಚ್ಚಿದರೂ ಡ್ರಿಲ್ ಹಾಕಿ ಬಿಡಿಸಿ, ಚೂರುಗಳನ್ನು ಚೆನ್ನಾಗಿ ತೊಳೆಯಿರಿ. ಒತ್ತಿದಾಗ ಬುಶ್ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ತೂತನ್ನು ಸ್ವಲ್ಪವೇ ಕೆತ್ತಿ ಅಳತೆಗೆ ತರುವ ರೀಮರ್ ಹಾಕಬೇಕು. ಸ್ವಲ್ಪ ಸ್ವಲ್ಪವೇ ಹಾಕಿ, ಪ್ರತಿ ಸಲ ಪಿಸ್ಟನ್ ಪಿನ್ ಹಾಕಿ ನೋಡಿ. ಆಯಿಲ್ ಸವರಿದ ಪಿನ್ ಹೆಬ್ಬೆರಳಿನಲ್ಲಿ ಒತ್ತಿದರೆ ಜಾರಬೇಕು, ರಾಡನ್ನು ಅಡ್ಡ ಹಿಡಿದು ಅಲ್ಲಾಡಿಸಿದರೆ ತಾನಾಗಿ ಬೀಳಬಾರದು. ಎಮರಿ ಕಾಗದ ಸುತ್ತಿ ಉಜ್ಜುವವರು ಇದ್ದಾರೆ. ಅದರ ಪುಡಿ ಕಂಚಿನೊಳಗೆ ಕಚ್ಚಿಕೊಂಡು ಪಿನ್ನನ್ನು ತಿನ್ನುತ್ತಲೇ ಇರುತ್ತದೆ.

ಕೂಡಿಸುವುದು

ಮೊದಲ ಫ್ಲೈವೀಲಿಗೆ ಪಿನ್ ನೆಟ್ಟಗೆ ನಿಲ್ಲಿಸಿ. ತೂತಿನ ಬಾಯಿಗೆ ತೆಳು ಆಯಿಲ್ ಸಾಕು. ಮೊದಲ ಎರಡು ಮೂರು ಮಿಲಿಮೀಟರ್ ಒಳಗೆ ಹೋದ ಮೇಲೆ ನಿಲ್ಲಿಸಿ, ಉಕ್ಕಿನ ಮೂಲೆಮಟ್ಟ ಇಟ್ಟು ಎರಡು ದಿಕ್ಕಿನಲ್ಲಿ ನೋಡಿ. ಓರೆಯಾಗಿ ಹೋದ ಪಿನ್ ತೂತನ್ನು ಗೀರಿಕೊಂಡು ಹೋಗುತ್ತದೆ, ಆಮೇಲೆ ಯಾವ ಸುತ್ತಿಗೆಯೂ ಅದನ್ನು ಸರಿ ಮಾಡುವುದಿಲ್ಲ. ನೇರ ಇದೆ ಅಂತ ಖಾತ್ರಿಯಾದ ಮೇಲೆ, ಬರೆದಿಟ್ಟ ಅಳತೆಯಷ್ಟು ಒತ್ತಿ.

ಈಗ ವಾಷರ್, ರೋಲರ್, ರಾಡ್, ಮತ್ತೆ ವಾಷರ್. ವಾಷರ್‌ನಲ್ಲಿ ಆಯಿಲ್ ಗೀರುಗಳಿದ್ದರೆ ಆ ಮುಖ ರಾಡಿನ ಕಡೆಗೆ. ರಾಡಿನ ದಿಕ್ಕು ಹಳೆಯದರ ಹಾಗೇ. ಎರಡು ಸ್ಟ್ರೋಕ್ ಆಯಿಲ್ ಧಾರಾಳವಾಗಿ ಹಾಕಿ.

ಎರಡನೇ ಫ್ಲೈವೀಲನ್ನು ಪಿನ್ ಮೇಲೆ ಕೂರಿಸಿ ಸ್ವಲ್ಪವೇ ಒತ್ತಿ, ಬಿಡಿ. ಎರಡೂ ಫ್ಲೈವೀಲುಗಳ ಅಂಚಿನ ಮೇಲೆ ನೇರ ಪಟ್ಟಿ ಅಥವಾ ಮೂಲೆಮಟ್ಟದ ಅಲಗನ್ನು ಇಟ್ಟು ಬೆಳಕು ನೋಡಿ, ಪಿನ್ನಿನಿಂದ ಕಾಲು ಸುತ್ತು ದೂರದಲ್ಲಿ ಎರಡೂ ಪಕ್ಕ, ಆಮೇಲೆ ಪಿನ್ನಿಗೆ ಎದುರು. ಮೇಲಿನದು ತಿರುಚಿಕೊಂಡಿದ್ದರೆ ಈಗಲೇ ತಾಮ್ರದ ಸುತ್ತಿಗೆಯಲ್ಲಿ ಅಂಚಿಗೆ ಬಡಿದು ಸರಿ ಮಾಡಿ. ಈ ಹಂತದಲ್ಲಿ ಒಂದು ಪೆಟ್ಟಿಗೆ ಆಗುವ ಕೆಲಸ ಪೂರ್ತಿ ಒತ್ತಿದ ಮೇಲೆ ಹತ್ತು ಪೆಟ್ಟಿಗೂ ಆಗುವುದಿಲ್ಲ. ಹೀಗೆ ಒತ್ತುತ್ತಾ ನೋಡುತ್ತಾ ಹೋಗಿ. ಕೊನೆಗೆ ಬಂದಾಗ ರಾಡ್ ಪಕ್ಕದಲ್ಲಿ ಫೀಲರ್ ಗೇಜ್ ಎಲೆ ಇಟ್ಟುಕೊಂಡು ಒತ್ತಿ. ಈ ಕಾಲದ ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ ಪಕ್ಕದ ಸಂದು ಸಾಮಾನ್ಯವಾಗಿ 0.2ರಿಂದ 0.5 ಮಿ.ಮೀ ಒಳಗೆ ಇರುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಅಂಕಿ ಇದ್ದರೆ ಅದೇ ಅಂತಿಮ. ಸಂದೂ ಸರಿ, ಒಟ್ಟು ಅಗಲವೂ ಮೊದಲಿನಷ್ಟೇ ಅಂದರೆ ನಿಲ್ಲಿಸಿ. ಎರಡೂ ತಾಳೆ ಆಗದಿದ್ದರೆ ಕಿಟ್‌ನ ವಾಷರ್ ದಪ್ಪದಲ್ಲಿ ವ್ಯತ್ಯಾಸ ಇದೆ, ಮೊದಲು ಅದನ್ನು ನೋಡಿ.

ಡಯಲ್ ಇಟ್ಟು ನೇರ ಮಾಡುವುದು

ಇಲ್ಲಿಗೆ ಬಂದ ಮೇಲೆ "ಕಣ್ಣಿಗೆ ಸರಿ ಕಾಣ್ತಿದೆ ಬಿಡಿ" ಅನ್ನುವ ಅಂಗಡಿಯಿಂದ ಕ್ರ್ಯಾಂಕ್ ಎತ್ತಿಕೊಂಡು ಬನ್ನಿ. ನಿಜ ಹೇಳಬೇಕೆಂದರೆ ಕೊಡುವ ಮೊದಲೇ ಕೇಳಬೇಕಾದ ಪ್ರಶ್ನೆ ಒಂದೇ: ಡಯಲ್ ಗೇಜ್ ಇದೆಯಾ, ನನ್ನ ಎದುರಿಗೆ ತೋರಿಸುತ್ತೀರಾ?

ಕ್ರ್ಯಾಂಕನ್ನು ಮೇನ್ ಬೇರಿಂಗ್ ಕೂರುವ ಜಾಗದಲ್ಲಿ ಎರಡು ವಿ ಬ್ಲಾಕ್ (V ಆಕಾರದ ಗೀರು ಇರುವ ಉಕ್ಕಿನ ಆಧಾರ) ಮೇಲೆ ಇಡಿ, ಅಥವಾ ಲೇತ್‌ನ ಎರಡು ಸೆಂಟರ್‌ಗಳ ನಡುವೆ ಹಿಡಿಸಿ. ಲೇತ್ ಆದರೆ ಫ್ಲೈವೀಲಿನಿಂದ ಹೊರಕ್ಕೆ ಚಾಚಿದ ಶಾಫ್ಟ್ ತುದಿಯ ಸೆಂಟರ್ ಕುಳಿಗಳು ಚೊಕ್ಕಟ ಇರಲಿ, ಸುತ್ತಿಗೆ ಏಟು ತಿಂದ ಕುಳಿ ಸುಳ್ಳು ಹೇಳುತ್ತದೆ. ಎರಡೂ ಶಾಫ್ಟಿನ ಮೇಲೆ ಡಯಲ್ ಇಟ್ಟು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಮುಳ್ಳು ಕಡಿಮೆಯಿಂದ ಹೆಚ್ಚಿಗೆ ಒಟ್ಟು ಎಷ್ಟು ಓಡಿತು ಅನ್ನುವುದೇ ಲೆಕ್ಕ. 0.05 ಮಿ.ಮೀ ದಾಟಬಾರದು. 0.03ರ ಒಳಗೆ ತಂದರೆ ಗಾಡಿಯೇ ನಿಮಗೆ ಥ್ಯಾಂಕ್ಸ್ ಹೇಳುತ್ತದೆ. ಮುಳ್ಳು ಅತಿ ಹೆಚ್ಚು ತೋರಿಸಿದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಎರಡೂ ಕಡೆ.

ಗುರುತುಗಳನ್ನು ಓದುವುದು ಹೀಗೆ. ಪಿನ್ನಿನಿಂದ ಕಾಲು ಸುತ್ತು ದೂರದಲ್ಲಿ, ಒಂದು ಶಾಫ್ಟಿನದು ಈ ಪಕ್ಕ ಇನ್ನೊಂದರದು ಆ ಪಕ್ಕ ಬಂದರೆ, ಫ್ಲೈವೀಲುಗಳು ಪಿನ್ ಸುತ್ತ ಒಂದಕ್ಕೊಂದು ತಿರುಚಿಕೊಂಡಿವೆ. ಕ್ರ್ಯಾಂಕನ್ನು ಬ್ಲಾಕಿನಿಂದ ಎತ್ತಿ ಕೈಯಲ್ಲಿ ಹಿಡಿದು, ಗುರುತು ಇರುವ ಕಡೆ ಆ ಫ್ಲೈವೀಲಿನ ಅಂಚಿಗೆ ತಾಮ್ರದ ಸುತ್ತಿಗೆಯಿಂದ ಒಂದೇ ಚುರುಕು ಏಟು ಕೊಡಿ. ವಿ ಬ್ಲಾಕ್ ಮೇಲೋ ಲೇತ್ ಸೆಂಟರ್‌ನಲ್ಲೋ ಇರುವಾಗಲೇ ಹೊಡೆಯಬೇಡಿ, ಅಳತೆಯ ಸಾಮಾನು ಹಾಳು. ಮತ್ತೆ ಇಟ್ಟು ನೋಡಿ, ಮತ್ತೆ ಏಟು. ಮೊದಮೊದಲು ಏಟು ಮೆಲ್ಲಗೆ ಬಿದ್ದು ಏನೂ ಆಗುವುದಿಲ್ಲ, ಆಮೇಲೆ ಜೋರಾಗಿ ಬಿದ್ದು ಆ ಕಡೆ ದಾಟಿ ಹೋಗುತ್ತದೆ, ಕೈಗೆ ಅಂದಾಜು ಬರುವವರೆಗೆ ಹೀಗೇ.

ಎರಡೂ ಗುರುತು ಒಂದೇ ಕಡೆ, ಪಿನ್ನಿನ ಕಡೆಗೋ ಅದರ ಎದುರಿಗೋ ಬಂದರೆ ಅದು ತಿರುಚಲ್ಲ, ಫ್ಲೈವೀಲುಗಳು ಬಾಯಿ ಬಿಟ್ಟಿವೆ ಅಥವಾ ಮುಚ್ಚಿಕೊಂಡಿವೆ. ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪಿನ್ ಹತ್ತಿರದ ಅಂಚಿನಲ್ಲಿ ಒಟ್ಟು ಅಗಲ ಅಳೆಯಿರಿ, ಪಿನ್ನಿಗೆ ಎದುರು ಅಂಚಿನಲ್ಲೂ ಅಳೆಯಿರಿ. ಹೊರಮೈ ಒರಟಾಗಿದ್ದರೆ ಒಳಗಿನ ಸಂದನ್ನು ಅಳೆಯಿರಿ. ಎದುರು ಕಡೆ ಕಡಿಮೆ ಇದ್ದರೆ ಅಲ್ಲಿ ಹಿತ್ತಾಳೆ ಬೆಣೆ ಇಟ್ಟು ಮೆಲ್ಲಗೆ ಬಡಿದು ಅಗಲಿಸಿ. ಜಾಸ್ತಿ ಇದ್ದರೆ ದೊಡ್ಡ ವೈಸ್‌ನ ಬಾಯಿಗೆ ತಾಮ್ರದ ಹಾಳೆ ಕೊಟ್ಟು ಅಲ್ಲೇ ಹಿಂಡಿ. ಎರಡು ತಪ್ಪೂ ಒಟ್ಟಿಗೆ ಇರುವುದೇ ಹೆಚ್ಚು, ಆಗ ಮೊದಲು ತಿರುಚು, ಆಮೇಲೆ ಬಾಯಿ, ಕೊನೆಗೆ ಇನ್ನೊಮ್ಮೆ ತಿರುಚು ನೋಡಬೇಕು.

ಎಷ್ಟು ಬಡಿದರೂ ಒಂದು ಶಾಫ್ಟ್ ಮಾತ್ರ ಓಡುತ್ತಲೇ ಇದ್ದರೆ ಆ ಶಾಫ್ಟೇ ಬಗ್ಗಿದೆ. ಒಂದೇ ಏಟಿಗೆ ಬೆಣ್ಣೆಯಂತೆ ಸರಿದರೆ ಪಿನ್ ಸಡಿಲ ಇದೆ, ಓಡುವಾಗಲೂ ಸರಿಯುತ್ತದೆ, ಮತ್ತೆ ತೂತಿನ ಅಳತೆಗೆ ವಾಪಸ್.

ಕೇಸಿನೊಳಗೆ ಕೂರಿಸುವಾಗ

ಅಷ್ಟು ಕಷ್ಟಪಟ್ಟು ನೇರ ಮಾಡಿದ ಕ್ರ್ಯಾಂಕನ್ನು ಕೇಸಿಗೆ ಹಾಕುವಾಗ ತುದಿಗೆ ಸುತ್ತಿಗೆ ಹಾಕಿ ಕೆಡಿಸುವುದು ಎಲ್ಲ ಕಡೆ ನೋಡುತ್ತೇನೆ. ಕೇಸನ್ನು ಸುಮಾರು 100 ಡಿಗ್ರಿಗೆ ಕಾಯಿಸಿ. ನೀರಿನ ಹನಿ ಬಿದ್ದ ಕೂಡಲೇ ಚುಂಯ್ ಅಂದರೆ ಸಾಕು. ಮೇನ್ ಬೇರಿಂಗ್ ತಾನಾಗಿ ಒಳಗೆ ಬೀಳುತ್ತದೆ. ಬೇರಿಂಗ್ ಕೊಳ್ಳುವಾಗ ಸಿ3 ಅಂತ ಬರೆದಿರುವುದನ್ನು ಕೇಳಿ, ಬಿಸಿಯಾದಾಗ ಹಿಡಿಯದಂತೆ ಒಳಗೆ ಸ್ವಲ್ಪ ಹೆಚ್ಚು ಜಾಗ ಇರುವಂಥದ್ದು ಅದು. ಕ್ರ್ಯಾಂಕ್ ಹಿಂದಿನ ರಾತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರ್‌ನಲ್ಲಿದ್ದರೆ ಇನ್ನೂ ಸಲೀಸು, ಮನೆಯವರು ಒಪ್ಪಿದರೆ ಮಾತ್ರ. ಆದರೂ ಬಿಗಿ ಅನಿಸಿದರೆ ಪೈಪು, ನಟ್ ಹಾಕಿ ಎಳೆದುಕೊಳ್ಳಿ. ಫ್ರೀಜರ್‌ನಿಂದ ಹೊರಗೆ ತೆಗೆದ ಮೇಲೆ ಕ್ರ್ಯಾಂಕ್ ಮೇಲೆ ಕೂತ ತೇವ ಒರೆಸಿ ಆಯಿಲ್ ಹಚ್ಚುವುದು ಮರೆಯಬೇಡಿ. ಆಯಿಲ್ ಸೀಲ್‌ಗಳು ಹೊಸವೇ ಇರಲಿ, ಇಲ್ಲಿ ಗಾಳಿ ಎಳೆದರೆ ಪೆಟ್ರೋಲ್-ಗಾಳಿ ಮಿಶ್ರಣ ತೆಳುವಾಗಿ ಪಿಸ್ಟನ್ ಸುಡುತ್ತದೆ. ಕೇಸ್ ಮುಚ್ಚಿ ಬೋಲ್ಟ್ ಬಿಗಿದ ಮೇಲೆ ಕ್ರ್ಯಾಂಕ್ ಎರಡು ಬೆರಳಿನಲ್ಲಿ ತಿರುಗಬೇಕು.

ಪಿಸ್ಟನ್ ಹಾಕಿ ಸಿಲಿಂಡರ್ ಇಳಿಸುವ ಮೊದಲು ಇನ್ನೊಂದು ಪರೀಕ್ಷೆ ಇದೆ. ಕೇಸಿನ ಬಾಯಿಯ ಎರಡೂ ಪಕ್ಕ ಒಂದೇ ದಪ್ಪದ ಎರಡು ಪಟ್ಟಿ ಇಟ್ಟು ಪಿಸ್ಟನ್ ನಿಧಾನಕ್ಕೆ ಅದರ ಮೇಲೆ ಇಳಿಸಿ. ಪಿಸ್ಟನ್ನಿನ ಕೆಳಅಂಚು ಎರಡೂ ಪಟ್ಟಿಗೆ ಒಟ್ಟಿಗೆ ತಾಗಬೇಕು. ಒಂದು ಕಡೆ ಕಾಗದ ತೂರುವಷ್ಟು ಸಂದು ಉಳಿದರೆ ರಾಡ್ ಬಗ್ಗಿದೆ ಅಥವಾ ಬುಶ್ ಓರೆಯಾಗಿ ರೀಮ್ ಆಗಿದೆ. ಪಿಸ್ಟನ್ ಪಿನ್ ಜಾರದಂತೆ ತಡೆಯುವ ಸರ್ಕ್ಲಿಪ್ ಹಾಕುವಾಗ ಕೇಸಿನ ಬಾಯಿಗೆ ಬಟ್ಟೆ ತುರುಕಿರಿ, ಅದು ಒಳಗೆ ಹಾರಿದರೆ ಎಲ್ಲ ಮೊದಲಿಂದ.

ಓಡಿಸುವುದು

ಮೊದಲ ಸಾವಿರ ಕಿ.ಮೀಗೆ ಲೀಟರ್ ಪೆಟ್ರೋಲಿಗೆ 50 ಮಿ.ಲೀ ಆಯಿಲ್ ಹಾಕುವುದು ನನ್ನ ರೂಢಿ, ಅಂದರೆ 1:20. ಆಮೇಲೆ 40 ಮಿ.ಲೀಗೆ ಇಳಿಸುತ್ತೇನೆ. ಹೊಗೆ ಜಾಸ್ತಿ ಅಂತ ಪಕ್ಕದ ಮನೆಯವರು ಬೈಯಬಹುದು, ಬೈಯಲಿ. ವೇಗ ಕಡಿಮೆ ಇರಲಿ, ಆದರೆ ನಾಲ್ಕನೇ ಗೇರಿನಲ್ಲಿ 25ರ ವೇಗಕ್ಕೆ ಎಳೆಸಬೇಡಿ. ನಿಧಾನ ಅಂದರೆ ಮೃದು ಅಂತ ಜನ ಅಂದುಕೊಂಡಿದ್ದಾರೆ, ದೊಡ್ಡ ಗೇರಿನಲ್ಲಿ ಗುದ್ದಿ ಗುದ್ದಿ ಎಳೆಯುವುದೇ ಹೊಸ ರೋಲರಿಗೆ ಬೀಳುವ ದೊಡ್ಡ ಏಟು. ಇಗ್ನಿಷನ್ ಟೈಮಿಂಗ್ ಅಡ್ವಾನ್ಸ್ ಜಾಸ್ತಿ ಆದರೂ ಅದೇ ಏಟು.

ಘಟ್ಟ ಇಳಿಯುವವರಿಗೆ ಇನ್ನೊಂದು ಮಾತು. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನ ಮೇಲೆ ಇಳಿಯುತ್ತಾ ಹೋದರೆ ಎಂಜಿನ್ ಜೋರಾಗಿ ಸುತ್ತುತ್ತಿರುತ್ತದೆ, ಪೆಟ್ರೋಲ್ ಮಾತ್ರ ಹೋಗುತ್ತಿರುವುದಿಲ್ಲ, ಅದರ ಜೊತೆ ಬರಬೇಕಾದ ಆಯಿಲ್ ಕೂಡ ಇಲ್ಲ. ನಾಲ್ಕು ಸ್ಟ್ರೋಕ್ ಗಾಡಿಯಿಂದ ಇದಕ್ಕೆ ಬಂದವರು ಇದನ್ನು ಮರೆಯುತ್ತಾರೆ, ಪಿನ್ ನೀಲಿ ಆಗುವುದು ಬಹಳ ಸಲ ಹೀಗೇ. ಪ್ರತಿ ತಿರುವಿಗೆ ಒಮ್ಮೆ ಕ್ಲಚ್ ಹಿಡಿದು ಥ್ರಾಟಲ್ ಒಂದು ಸಲ ತಿರುವಿ ಬಿಡಿ, ಮತ್ತೆ ಇಳಿಯಿರಿ.